ತೊಳೆದುಕೊಟ್ಟ ಡಬ್ಬಿಗಳು

ಪ್ರೀತಿಯ ವಿನಯಾ,

ಹೊಸನಗರದ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಿನ್ನೆ ಫೋನಿನಲ್ಲಿ ಅರ್ಧ ಹೇಳುವಷ್ಟರಲ್ಲೇ ನೀನು "ಇರ್ಲಿ ಬಿಡಿ ಅತ್ತಿಗೆ" ಎಂದು ಸಮಾಧಾನಕ್ಕೆ ಇಳಿದೆ. ನನಗೆ ಸಮಾಧಾನ ಬೇಡ. ಪೂರ್ತಿ ಕೇಳಿಸಿಕೊಳ್ಳಬೇಕು ನೀನು. ಅದಕ್ಕೇ ಈ ಕಾಗದವನ್ನು ನಿಮ್ಮಣ್ಣನ ಕೈಯಲ್ಲಿ ಸಾಗರಕ್ಕೆ, ನಿನ್ನ ಸಂಸ್ಥೆಯ ಆಫೀಸಿಗೇ ಕಳಿಸುತ್ತಿದ್ದೇನೆ.

ನೀನು ಹೇಳಿಕೊಟ್ಟಂತೆ ನಮ್ಮ ಮಹಿಳಾ ಸಂಘ ಊರಿನ ಕೀಟನಾಶಕ, ಕಳೆನಾಶಕದ ಖಾಲಿ ಡಬ್ಬಿಗಳನ್ನೆಲ್ಲ ಒಟ್ಟು ಮಾಡಿತು. ಒಬ್ಬರ ಮನೆಯಲ್ಲಿ ಅಂಥ ಡಬ್ಬಿಯೊಳಗೆ ಉಪ್ಪು ತುಂಬಿಟ್ಟಿದ್ದರು. ಕೈಗವಸು ಹಾಕಿದೆವು, ಮೂಗಿಗೆ ಬಟ್ಟೆ ಕಟ್ಟಿದೆವು. ಅವನ್ನು ಒಯ್ಯಲು ನಿಮ್ಮ ಸಂಸ್ಥೆಯ ಗಾಡಿ ಬರುವ ಹಿಂದಿನ ದಿನ, ಸಂಘಕ್ಕೆಲ್ಲ ಹಿರಿಯರಾದ ಹುಲಿಯಮ್ಮತ್ತೆ, "ಇನ್ನೊಬ್ರ ಕೈಗೆ ಕೊಡೋದನ್ನ ಹೀಗೆ ಹೊಲಸಲ್ಲೇ ಕೊಡ್ತಾರೇನೇ?" ಎಂದರು. ಹೌದಲ್ಲ ಅನ್ನಿಸಿತು. ಪಾಯಸ ಬಂದ ಪಾತ್ರೆಯನ್ನು ತೊಳೆಯದೆ ವಾಪಸು ಕೊಟ್ಟವರು ನಮ್ಮಲ್ಲಿ ಯಾರಿದ್ದಾರೆ? ಡಬ್ಬಿಗಳನ್ನೆಲ್ಲ ಹಳ್ಳಕ್ಕೆ ಹೊತ್ತು, ತೆಂಗಿನ ನಾರಿನಲ್ಲಿ ತಿಕ್ಕಿ ತಿಕ್ಕಿ ತೊಳೆದೆವು. ನಗುನಗುತ್ತಾ ತೊಳೆದೆವು ವಿನಯಾ. ನೀರು ಹಾಲಿನ ಹಾಗೆ ಬೆಳ್ಳಗಾಗಿ ಹರಿಯಿತು. ಎಷ್ಟು ಕೊಳೆ ಬಿಟ್ಟಿತು ನೋಡು ಅಂದುಕೊಂಡೆವು.

ಮರುದಿನ ಬೆಳಿಗ್ಗೆ ಗಾಡಿ ಬಂತು. ಹೊಳೆಯುವ ಡಬ್ಬಿಗಳ ಫೋಟೊವನ್ನು ನೀನು ಎಲ್ಲ ಸಂಘಗಳ ಗ್ರೂಪಿಗೂ ಹಾಕಿ, ಹೀಗಿರಬೇಕು ಎಂದು ಬರೆದೆ. ಅಷ್ಟು ಹೊತ್ತಿಗೆ ಹಳ್ಳದ ಕೆಳಗಿನ ಗುಂಡಿಯಲ್ಲಿ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಹುಲಿಯಮ್ಮತ್ತೆ ಬುಟ್ಟಿ ತುಂಬಿಕೊಂಡು ಹೋದರು ಎಂದು ಯಾರೋ ಹೇಳಿದ್ದೇ, ನಾನು ಓಡಿದೆ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಎತ್ತಿ ಅಂಗಳಕ್ಕೆ ಚೆಲ್ಲಿದೆ.

"ಎಂತಾ ಹುಚ್ಚೇ ನಿಂಗೆ? ಈಗಷ್ಟೇ ಉಪ್ಪು ನೋಡ್ದೆ, ಸರಿಯಾಗಿತ್ತು" ಅಂದರು.

ಸಂಜೆಗೆ ಅವರಿಗೆ ವಾಂತಿ ಶುರುವಾಯಿತು, ಇಲ್ಲಿಗೆ ಕರೆತಂದೆವು. ಈಗ ಅಪಾಯವಿಲ್ಲ ಎಂದಿದ್ದಾರೆ ಡಾಕ್ಟರು. ಹಳ್ಳಕ್ಕೆ ಯಾರೂ ಇಳಿಯಬೇಡಿ ಎಂದು ಸಂಘದವರೇ ಮನೆಮನೆಗೆ ಹೋಗಿ ಹೇಳಿದ್ದಾರೆ. ನನಗೆ ಇನ್ನೂ ನಂಬಲಾಗುತ್ತಿಲ್ಲ. ವಿಷವನ್ನು ಊರಾಚೆ ಸಾಗಿಸಲು ಹೊರಟ ನಾವೇ ಅದನ್ನು ಊರಿನ ನೀರಿಗೆ ಸುರಿದೆವು. ಕೈ ತೊಳೆಯುವುದನ್ನು ಅಷ್ಟು ಚೆಂದ ಕಲಿಸಿದ ನೀನು ಡಬ್ಬಿ ತೊಳೆಯಬೇಡಿ ಎಂದು ಹೇಳಲಿಲ್ಲ. ನಾವೂ ಕೇಳಲಿಲ್ಲ. ನಿನ್ನ ಮೇಲೂ ನನಗೆ ಸಿಟ್ಟಿದೆ.

ನಮ್ಮ ಮಾನ ಉಳಿಸಲೆಂದು ನೀನು ಫೋಟೊ ಅಳಿಸಿ, "ಡಬ್ಬಿ ತೊಳೆಯುವುದು ಬೇಡ" ಎಂಬ ಒಂದು ಸಾಲು ಹಾಕಿದ್ದೀಯ. ಭಾನುವಾರ ತೀರ್ಥಹಳ್ಳಿ ಕಡೆಯ ಸಂಘಗಳು ಡಬ್ಬಿ ಒಟ್ಟು ಮಾಡುತ್ತವೆ. ಕಾರಣ ಹೇಳದಿದ್ದರೆ ಯಾವ ಹೆಂಗಸಿಗೆ ಹೊಲಸು ಡಬ್ಬಿ ಕೊಡಲು ಮನಸ್ಸು ಬರುತ್ತದೆ? ಅಲ್ಲಿಯೂ ಯಾರೋ ಒಬ್ಬಳು ನಾರು ಹುಡುಕುತ್ತಾಳೆ. ಮುಚ್ಚಳ ಬಿಗಿ ಮಾಡಿ ಹಾಗೇ ಕೊಡಿ ಎಂದು ಹೇಳು. ಈ ಕಾಗದವನ್ನು ಅವರೆದುರು ಗಟ್ಟಿಯಾಗಿ ಓದು, ನಮ್ಮ ಸಂಘದ ಹೆಸರು ಬಿಡದೆ.

ಇದನ್ನೆಲ್ಲ ಓದಿ ಹೇಳಬಹುದೇ ಎಂದು ಹುಲಿಯಮ್ಮತ್ತೆಯನ್ನೂ ಕೇಳಿದೆ. ಗೋಡೆ ಕಡೆ ತಿರುಗಿ ಮಲಗಿದ್ದವರು ಈ ಕಡೆ ಹೊರಳಿ, "ನನ್ ಹೆಸ್ರೂ ಹೇಳ್ಲಿ. ಉಪ್ಪು ನೋಡಿದ್ದೂ ಹೇಳ್ಲಿ" ಅಂದರು.

ನಿನಗೆ ಒಳ್ಳೆಯದಾಗಲಿ, ಆ ಕಡೆಯ ಹಳ್ಳಗಳಿಗೂ.

ನಿನ್ನ ಅತ್ತಿಗೆ,
ಸುಮನಾ