ತೊಂಬತ್ತನಾಲ್ಕು ಮರಿಗಳು ಮತ್ತು ಬಕೆಟ್ ಹಬ್ಬ

ಮೇಲುಕೇರಿ,
ಹೊಸ ದಡದ ವರ್ಷ ಅರವತ್ತಮೂರು, ಮಾಘದ ಮೂವತ್ತೊಂದನೆಯ ದಿನ

ಕಡವಿನಕೇರಿ ಶಾಲೆಯ ಎಂಟನೆಯ ತರಗತಿಯ ಪ್ರಣಮ್ಯಾ ಹರಿಕಂತ್ರಳಿಗೆ,

ನಿನ್ನನ್ನು ಅಜ್ಜಿ ಎನ್ನಬೇಕೋ ತಂಗಿ ಎನ್ನಬೇಕೋ ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ. ನಿನಗೀಗ ಹದಿಮೂರು, ನನಗೆ ನಲವತ್ತೊಂದು. ಆದರೆ ನಾನು ಹುಟ್ಟುವುದಕ್ಕೆ ಇನ್ನೂ ಎಂಬತ್ತು ವರ್ಷ ಬಾಕಿಯಿದೆ. ಮೇಲಿನ ತಾರೀಖು ಕಂಡು ನಗಬೇಡ. ಕಡಲು ನಿಮ್ಮ ಕೇರಿಯನ್ನು ನುಂಗಿ ನಾವೆಲ್ಲ ಗುಡ್ಡ ಹತ್ತಿದಂದಿನಿಂದ ವರ್ಷ ಎಣಿಸುತ್ತೇವೆ. ತಿಂಗಳನ್ನು ಉಬ್ಬರ ನೋಡಿ ಮುಗಿಸುತ್ತೇವೆ. ನನ್ನ ಮಾತು ಒರಟಾಗಿ ಕಂಡರೆ ಕ್ಷಮಿಸು. ನನಗೆ ಸಿಟ್ಟು ಬಂದಿದೆ, ಅದನ್ನು ಮುಚ್ಚಿಡಲಾರೆ.

ನಾನು ನಿನ್ನ ಶಾಲೆಯ ಅಕ್ಕೋರು. ಹೌದು, ಟೀಚರನ್ನು ಹಾಗೆ ಕರೆಯುವ ರೂಢಿ ಇನ್ನೂ ಹೋಗಿಲ್ಲ. ಈಗ ಶಾಲೆ ಗುಡ್ಡದ ನೆತ್ತಿಯಲ್ಲಿದೆ. ನೀರು ಕೆಳಗಿನ ಮೆಟ್ಟಿಲು ಮುಟ್ಟಿದಾಗ ಉಪ್ಪುಗಂಟೆ ಹೊಡೆಯುತ್ತೇವೆ, ಮಕ್ಕಳು ಪುಸ್ತಕ ಮುಚ್ಚಿ ಹಿಂದಿನ ದಾರಿಯಿಂದ ಮನೆಗೆ ಹೋಗುತ್ತಾರೆ. ಮಧ್ಯಾಹ್ನಕ್ಕೆ ಗಂಜಿ, ಪಾಚಿಯ ಪಲ್ಯ. ಮೀನು ಹಬ್ಬಕ್ಕೆ ಮಾತ್ರ. ನಮ್ಮ ದೊಡ್ಡ ಹಬ್ಬ ಯಾವುದು ಗೊತ್ತೇ? ಬಕೆಟ್ ಹಬ್ಬ. ಅದು ನಿನ್ನ ಹಬ್ಬ. ಎಂಟನೆಯ ತರಗತಿಯವರು ಕೆಂಪು ಬಕೆಟ್ಟಿನಲ್ಲಿ ಕಡಲ ನೀರು ತುಂಬಿ, ತೊಂಬತ್ತನಾಲ್ಕು ಹೊಂಗೆಕಾಯಿ ತೇಲಿಬಿಟ್ಟು, ಹನ್ನೊಂದು ಗಂಟೆಯವರೆಗೆ ಬಿಸಿಲಲ್ಲಿ ನಿಲ್ಲುತ್ತಾರೆ. ಇದಕ್ಕೆ ಅತಿಥಿ ಕಾಯುವುದು ಎಂದು ಹೆಸರು. ಅತಿಥಿಯನ್ನು ಯಾರೂ ಕರೆದಿರುವುದಿಲ್ಲ, ಯಾರೂ ಬರುವುದಿಲ್ಲ, ಆದರೂ ಕಾಯುತ್ತೇವೆ. ಹನ್ನೊಂದಕ್ಕೆ ಕಾಯಿಗಳನ್ನು ನೀರಿಗೆ ಸುರಿದು ಚಪ್ಪಾಳೆ ತಟ್ಟುತ್ತೇವೆ. ಆಮೆ ಎಂದರೆ ನಮ್ಮ ಮಕ್ಕಳಿಗೆ ಹೊಂಗೆಕಾಯಿ. ಬೇರೆ ಆಮೆಯನ್ನು ಅವರು ಕಂಡಿಲ್ಲ, ನಾನೂ ಕಂಡಿಲ್ಲ.

ಈ ಹಬ್ಬ ಹುಟ್ಟಿದ್ದು ನಿಮ್ಮ ಕಡಲಾಮೆ ಸಂಘದ ಪುಸ್ತಕದಲ್ಲಿರುವ ಒಂದು ಫೋಟೋದಿಂದ. ಬಕೆಟ್ಟು ಹಿಡಿದು ನಗುತ್ತಿರುವವಳು ನೀನು; ಕೆಳಗೆ 'ತೊಂಬತ್ತನಾಲ್ಕು ಆಮೆಮರಿಗಳು, ಹನ್ನೊಂದರ ಅತಿಥಿಗಳಿಗಾಗಿ ಕಾಯುತ್ತ' ಎಂದು ಬರೆದಿದೆ. ಆ ಪುಟವನ್ನಷ್ಟೇ ತೆರೆದು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಆಮೆಗಳನ್ನು ಕಾಪಾಡಿದ ಮಕ್ಕಳು ಎಂದು ನಾಲ್ಕು ತಲೆಮಾರು ಕೈಮುಗಿದಿದ್ದೇವೆ. ಕಳೆದ ವಾರ ಪೆಟ್ಟಿಗೆಗೆ ಶೀತ ಹಿಡಿಯಿತೆಂದು ಪುಸ್ತಕವನ್ನು ಬಿಸಿಲಿಗೆ ಹಾಕಿದೆ. ಅಂಟಿಕೊಂಡಿದ್ದ ಹಾಳೆಗಳು ಒಣಗಿ ಬಿಡಿಸಿಕೊಂಡವು. ನೀನು ಇನ್ನೂ ಬರೆಯದ ಪುಟವನ್ನು ನಾನು ಓದಿಬಿಟ್ಟೆ.

ನಿನ್ನ ದುಂಡು ಅಕ್ಷರದಲ್ಲಿ ಹೀಗಿದೆ: "ಬೆಳಗಿನ ಜಾವ ಮರಿಗಳು ಹೊರಬಂದವು. ಅತಿಥಿಗಳು ಹನ್ನೊಂದಕ್ಕೆ ಬರುವರೆಂದು ಸರ್ ಅವುಗಳನ್ನು ಬಕೆಟ್ಟಿನಲ್ಲಿ ಇಡಿಸಿದರು. ಮರಿಗಳು ನೀರಿನಲ್ಲಿ ಕುಣಿದು ಕುಣಿದು ನಮ್ಮನ್ನು ನಗಿಸಿದವು. ಮೀನುಗಾರ ಜಟ್ಟಪ್ಪ ತಾಂಡೇಲರು ಬಂದು, 'ಅದು ಕುಣ್ಯುದಲ್ವೇ ತಂಗಿ! ಹುಟ್ಟಿದ ಮರಿಗೆ ಒಂದೇ ದಿನದ ದಮ್ಮು ಇರ್ತದೆ, ದೂರ ಈಜ್ಲಿಕ್ಕೆ. ಅದ್ನ ಬಕೆಟ್ನಲ್ಲೇ ಮುಗಸ್ತ್ರಿ ಹೌದಾ? ಯಾರ್ ಬಂದ್ರೇನು, ಬರ್ದಿದ್ರೇನು, ಮರಳ ಮೇಲೆ ಬಿಡಿ' ಎಂದು ಗದರಿದರು. ಅತಿಥಿಗಳು ಬರುವ ಮೊದಲೇ ಮರಿಗಳನ್ನು ಬಿಟ್ಟರೆ ಕಾರ್ಯಕ್ರಮ ಎಂಥದು ಎಂದರು ಸರ್. ನಾವು ಸರ್ ಮಾತು ಕೇಳಿದೆವು. ಹನ್ನೊಂದಕ್ಕೆ ಮರಿಗಳು ಸುಮ್ಮನಾಗಿದ್ದವು. ನಾವೇ ಎತ್ತಿ ನೀರಿಗೆ ಬಿಟ್ಟೆವು. ಗರುಡಗಳು ತುಂಬ ಬಂದಿದ್ದವು. ಎಲ್ಲರಿಗೂ ಲಾಡು ಕೊಟ್ಟರು."

ಆಮೇಲಿನ ಪುಟಗಳಲ್ಲಿ ಬೇರೆ ಬೇರೆ ಮಕ್ಕಳ ಅಕ್ಷರ. ಈ ವರ್ಷ ಗೂಡು ಇಲ್ಲ. ಈ ವರ್ಷವೂ ಗೂಡು ಇಲ್ಲ. ಹದಿನಾರು ವರ್ಷ ಹಾಗೇ ಬರೆದು, ಬರೆಯುವುದನ್ನೂ ಬಿಟ್ಟಿದ್ದಾರೆ.

ನನಗೆ ಮೋಸವಾಗಿದೆ, ಪ್ರಣಮ್ಯಾ. ಒಂದು ಬಕೆಟ್ಟಿನಿಂದ ಒಂದು ವಂಶ ಅಳಿಯುವುದಿಲ್ಲ ಎಂದು ಬಲ್ಲೆ. ಬಲೆಯಿತ್ತು, ದಡಕ್ಕೆ ಸುರಿದ ಕಲ್ಲಿತ್ತು, ಕಣ್ಣು ಕುಕ್ಕುವ ದೀಪಗಳಿದ್ದವು. ಆದರೆ ಬಲೆ ಬೀಸಿದವರು ಕಾಪಾಡುತ್ತೇವೆ ಎಂದಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದದ್ದನ್ನು ನಾವು ಹಬ್ಬ ಮಾಡಿಕೊಂಡು ಕುಣಿದೆವು. ಮೊದಲು ನಿನ್ನ ಮೇಲೆ ಕೆಂಡವಾದೆ. ಎರಡನೆಯ ಸಲ ಓದಿದಾಗ ಅಳು ಬಂತು. ಎರಡು ತಿಂಗಳು ಬೆಳಿಗ್ಗೆ ಎದ್ದು ಗೂಡಿನಿಂದ ನಾಯಿ ಓಡಿಸಿದವಳು ನೀನು ಎಂದು ಹಿಂದಿನ ಪುಟಗಳಲ್ಲಿದೆ. ನಿನ್ನ ಆ ಪ್ರೀತಿಯನ್ನೇ ದೊಡ್ಡವರು ವೇದಿಕೆಯ ಶೃಂಗಾರಕ್ಕೆ ಬಳಸಿದರು. ನನಗಿಂತ ಮೊದಲು ಮೋಸ ಹೋದವಳು ನೀನೇ.

ನಾಳೆ ನಮ್ಮಲ್ಲಿ ಹಬ್ಬ. ಕೆಂಪು ಬಕೆಟ್ಟನ್ನು ಮಕ್ಕಳ ಕೈಗೆ ಕೊಡಬೇಕಾದವಳು ನಾನು. ನಿಜ ಹೇಳಿದರೆ ಊರು ನನ್ನನ್ನು ಬಿಡದು, ಹೇಳದಿದ್ದರೆ ನಾನೂ ನಿನ್ನ ಸರ್ ಆಗುತ್ತೇನೆ. ಹೇಳುತ್ತೇನೆ. ನನ್ನಲ್ಲಿ ಕಾಪಾಡಲು ಮರಿಗಳಿಲ್ಲ, ಹೇಳುವುದೊಂದೇ ನನ್ನ ಕೈಲಿರುವುದು.

ನಿನ್ನ ಕೈಲಿ ತೊಂಬತ್ತನಾಲ್ಕಿವೆ. ಈ ಕಾಗದ ಸಿಗುವಾಗ ಅವು ಇನ್ನೂ ಮರಳಡಿಯಲ್ಲೇ ಇರುತ್ತವೆಂದು ನಂಬಿದ್ದೇನೆ. ಹೊರಬಂದ ಕೂಡಲೇ ದಾರಿ ಬಿಟ್ಟು ಸರಿದು ನಿಲ್ಲು. ಎತ್ತಬೇಡ, ಎಣಿಸಬೇಡ, ಯಾರಿಗೂ ಕಾಯಬೇಡ. ಅವು ತಮ್ಮ ಕಾಲಿನಲ್ಲೇ ಮರಳು ದಾಟಿ ಹೋಗಲಿ. ಅತಿಥಿಗಳು ಬಂದರೆ ಬರಿಯ ಮರಳು ತೋರಿಸು. ಸರ್ ಬೈದರೆ ಬೈಸಿಕೋ. ಮಾತು ಕೇಳುವ ಹುಡುಗಿ ಎಂದು ನೂರಿಪ್ಪತ್ತು ವರ್ಷ ನಿನ್ನನ್ನು ಹೊಗಳಿದ್ದೇವೆ ತಂಗಿ. ಅದೊಂದು ಬೆಳಿಗ್ಗೆ ಮಾತು ಕೇಳಬೇಡ.

ಇನ್ನೂ ಹುಟ್ಟದ,
ಮೇದಿನಿ ಅಕ್ಕೋರು