ಅಸ್ಕಾಲೆಗೆ ಕೊಡದ ಮಾತ್ರೆ

ದೆಸ್ಸಿಯೆ
ಹಿದಾರ್ ತಿಂಗಳ ಹನ್ನೆರಡು

ಮಗನೇ ಮೆಸೆಲೆ,

ಹೇಗಿದ್ದೀಯಪ್ಪ? ಸೊಸೆ, ಕೂಸು ಕ್ಷೇಮವೇ? ಇಲ್ಲಿ ಹಲ್ಲು ಕಟಕಟ ಅನ್ನುವಷ್ಟು ಚಳಿ, ಅದು ಬಿಟ್ಟರೆ ದೇವರ ದಯೆ. ಬರೆಯಲು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಆವತ್ತು ಫೋನಿನಲ್ಲಿ ನೀನು "ಅಮ್ಮಾ, ಒಂದೇ ಒಂದು ಮಾತ್ರೆ ಕೊಡೋಕೆ ನಿಂಗೆ ಮನಸ್ಸು ಬರ್ಲಿಲ್ವಾ?" ಅಂದೆಯಲ್ಲ, ಉತ್ತರ ಕೊಡದೆ ಇಟ್ಟುಬಿಟ್ಟೆ. ಕೋಪದಿಂದಲ್ಲ. ಬಾಯಿ ತೆರೆದಿದ್ದರೆ ಅಳು ಬರುತ್ತಿತ್ತು, ಅಂಗಡಿ ತುಂಬ ಗಿರಾಕಿಗಳಿದ್ದರು.

ಅಸ್ಕಾಲೆ ಸತ್ತ ಸುದ್ದಿಯನ್ನು ನಿನಗೆ ನಾನು ಹೇಳಬೇಕಿತ್ತು, ಅವಳ ಮಗಳು ಹಿರುತ್ ಹೇಳಿದಳು. ನೀನು ಹುಟ್ಟಿದಾಗ ಈ ಮೈಗ್ರೇನ್ ತಲೆನೋವು ಬಂದು ನಾನು ಕಣ್ಣು ಬಿಡಲಾರದೆ ಬಿದ್ದಿರುತ್ತಿದ್ದೆ. ಪಕ್ಕದ ಮನೆಯಿಂದ ಬಂದು ನಿನ್ನನ್ನೂ ಹಿರುತಳನ್ನೂ ಒಟ್ಟಿಗೆ ಮಡಿಲಲ್ಲಿ ಹಾಕಿಕೊಂಡು ಹಾಲೂಡಿದವಳು ಅವಳು. ಅದನ್ನು ನಾನು ಮರೆತಿದ್ದೇನೆ ಅಂದುಕೊಂಡೆಯಾ?

ಈ ಹೊಸ ಮಾತ್ರೆ ನನಗೆ ಸಿಕ್ಕಿದ್ದು ಮಳೆಗಾಲ ಮುಗಿದ ಮೇಲೆ. ಡಾಕ್ಟರಮ್ಮ ಚಿಕ್ಕ ಮಗುವಿಗೆ ಹೇಳುವಂತೆ ಹೇಳಿದರು. ನೋವು ಶುರುವಾದ ಕೂಡಲೇ ನುಂಗಿ ಕತ್ತಲಲ್ಲಿ ಮಲಗಬೇಕಂತೆ. ವಾರಕ್ಕೆ ಎರಡು ದಿನ ಮೀರಿ ತಗೊಂಡರೆ ಔಷಧಿಯೇ ತಲೆನೋವು ತರುತ್ತದಂತೆ. ಇದು ರಕ್ತನಾಳ ಬಿಗಿಮಾಡುವ ಮಾತ್ರೆ, ಬೇರೆ ಯಾರಿಗೂ ಕೊಡಬೇಡಿ, ಹೃದಯದ ಕಾಯಿಲೆಯವರಿಗಂತೂ ಬೇಡವೇ ಬೇಡ ಅಂದರು. ಯಾರಿಗೂ ಕೊಡಬೇಡಿ ಅನ್ನುವುದು ನಮ್ಮ ಬೀದಿಯಲ್ಲಿ ನಡೆಯುವ ಮಾತೇ? ಇಲ್ಲಿ ಉಪ್ಪು, ಖಾರದಪುಡಿ, ಜ್ವರದ ಗುಳಿಗೆ ಎಲ್ಲವೂ ಮನೆಯಿಂದ ಮನೆಗೆ ಓಡಾಡುತ್ತವೆ.

ಒಂದು ದಿನ ಅಸ್ಕಾಲೆಯ ಮನೆಯಲ್ಲಿ ಅಕ್ಕಪಕ್ಕದವರೆಲ್ಲ ಕಾಫಿಗೆ ಕೂತಿದ್ದೆವು. ಎರಡನೇ ಸುತ್ತು ಬಗ್ಗಿಸುತ್ತಾ ಅವಳು ಹಣೆ ಹಿಡಿದುಕೊಂಡಳು. "ಯೆಶಿ, ನಿನ್ನ ಆ ಮಾತ್ರೆ ಒಂದು ಕೊಡೇ. ನೀನು ಗಂಟೇಲಿ ಎದ್ದು ಕೂತ್ಕೊಂಡ್ಯಲ್ಲ!"

ಹೋದ ವರ್ಷ ಎದೆ ಹಿಡಿದುಕೊಂಡು ಆಸ್ಪತ್ರೆ ಸೇರಿದವಳು. "ನಿನ್ನ ಎದೆಗೆ ಅದು ಆಗಲ್ಲ ಕಣೇ," ಅಂದೆ. "ನಡಿ, ಈಗಲೇ ಡಾಕ್ಟರ ಹತ್ರ ಹೋಗೋಣ. ನಾನೇ ಜೊತೆಗೆ ಬರ್ತೀನಿ."

"ಓಹೋ, ಒಂದು ಚೀಟಿ ಸಿಕ್ಕಿದ್ದಕ್ಕೆ ನೀನೇ ಡಾಕ್ಟರಾಗಿಬಿಟ್ಟೆ!"

ಎಲ್ಲರೂ ನಕ್ಕರು. ನಾನು ಮತ್ತೆ ಇಲ್ಲ ಅಂದೆ. ಅವಳ ಮುಖ ಸಣ್ಣದಾಯಿತು.

"ನಿನ್ನ ಮಗನಿಗೆ ಹಾಲು ಕೊಡೋವಾಗ ನಾನು ಯಾವ ಡಾಕ್ಟರನ್ನ ಕೇಳಿದ್ದೆ?"

ಅಂದಿನಿಂದ ಅವಳು ನನ್ನನ್ನು ಕಾಫಿಗೆ ಕರೆಯಲಿಲ್ಲ. ಬೀಜ ಹುರಿಯುವ ವಾಸನೆ ಗೋಡೆ ದಾಟಿ ಬರುತ್ತಿತ್ತು, ಕರೆ ಬರುತ್ತಿರಲಿಲ್ಲ. ನಾನು ಕರೆದರೆ ಹಿರುತ್ ಬಾಗಿಲಲ್ಲೇ ನಿಂತು "ಅಮ್ಮಂಗೆ ಕೆಲಸ ಇದೆ" ಅನ್ನುತ್ತಿದ್ದಳು. ನಮ್ಮ ಊರಿನಲ್ಲಿ ಪಕ್ಕದ ಮನೆಯವಳನ್ನು ಕಾಫಿಗೆ ಕರೆಯದಿದ್ದರೆ ಅದೆಂಥ ಅವಮಾನ ಅಂತ ನಿನಗೆ ಗೊತ್ತಲ್ಲ.

ಹೀಗಿರುವಾಗಲೇ ಒಂದು ಬೆಳಿಗ್ಗೆ ಅವಳ ಹೃದಯ ನಿಂತುಹೋಯಿತು. ದುಃಖ ಕೇಳಲು ಬಂದವರಿಗಾಗಿ ಮನೆ ಮುಂದೆ ಹಾಕಿದ್ದ ಡೇರೆಯಲ್ಲಿ ಹಿರುತ್ ಎಲ್ಲರ ಮುಂದೆ, "ನಮ್ಮಮ್ಮ ನಿಮ್ಮ ಮೇಲಿನ ಸಿಟ್ಟು ಹೊಟ್ಟೇಲಿಟ್ಕೊಂಡೇ ಹೋದ್ಲು" ಅಂದಳು. ಬೆಂಚಿನ ಮೇಲೆ ನನ್ನ ಪಕ್ಕದಲ್ಲಿದ್ದವರು ಸ್ವಲ್ಪ ಸರಿದು ಕೂತರು.

ಮಗನೇ, ಅವಳು ಇವತ್ತು ಎದ್ದು ಬಂದು ಕೇಳಿದರೂ ಆ ಮಾತ್ರೆ ಕೊಡುವುದಿಲ್ಲ. ಜಿಪುಣಿ ಅನ್ನಲಿ, ಉಪಕಾರ ಮರೆತವಳು ಅನ್ನಲಿ. ಅವಳು ಬದುಕಿರಬೇಕು ಅಂತಲೇ ಇಲ್ಲ ಅಂದೆ. ಆದರೂ ಅವಳಿಲ್ಲ. ಇದನ್ನು ನೀನೊಬ್ಬ ನಂಬಿದರೆ ಸಾಕು.

ದೇವಮಾತೆ ಮರಿಯಮ್ ನಿನ್ನನ್ನೂ ನಿನ್ನ ಮನೆಯನ್ನೂ ಕಾಯಲಿ. ಕೂಸಿನ ತಲೆಗೆ ಟೋಪಿ ಹಾಕದೆ ಹೊರಗೆ ಬಿಡಬೇಡಿ.

ನಿನ್ನ ಅಮ್ಮ,
ಯೆಶಿ

ಮರೆತಿದ್ದೆ: ಮರೆತಿದ್ದೆ ಅನ್ನುವುದು ಸುಳ್ಳು, ಬರೆಯಲು ಕೈ ಬರಲಿಲ್ಲ. ಅವಳು ಹೋದ ಹಿಂದಿನ ದಿನ ನನಗೆ ತಲೆನೋವು ಬಂದಿತ್ತು. ಮಾತ್ರೆ ನುಂಗಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದೆ. ಗೋಡೆಯಾಚೆಯಿಂದ ಅವಳ ದನಿ ಕೇಳಿತು. "ಯೆಶೀ, ಕಾಫಿಗೆ ಬಾರೇ!" ನನ್ನನ್ನೇ, ಹೆಸರು ಹಿಡಿದು, ಅದೇ ಹಳೆಯ ರಾಗದಲ್ಲಿ. ಏಳಲು ಹೋದೆ, ತಲೆ ಎತ್ತಲಾಗಲಿಲ್ಲ. "ಬಂದೆ" ಅಂದೆ, ಅದು ಗೋಡೆಯವರೆಗೂ ಹೋಗಲಿಲ್ಲ. ಅವಳು ಇನ್ನೊಮ್ಮೆ ಕರೆದು ಸುಮ್ಮನಾದಳು. ಇದನ್ನು ಕೇಳಿದ್ದು ನಾನೊಬ್ಬಳೇ, ಹಿರುತಳಿಗೆ ಹೇಳಿದರೆ ನಂಬುತ್ತಾಳೆಯೇ? ಇರಲಿ, ಸಿಟ್ಟು ಇಳಿಯಿತಲ್ಲ, ನಾಳೆ ನಾನೇ ಬೀಜ ಹುರಿದು ಅವಳನ್ನು ಕರೆಯುತ್ತೇನೆ ಅಂದುಕೊಂಡೆ. ಎಷ್ಟೋ ದಿನಗಳ ಮೇಲೆ, ಮಗನೇ, ಆ ರಾತ್ರಿ ನಾನು ಸಂತೋಷದಿಂದ ನಿದ್ದೆ ಮಾಡಿದೆ.