ಅಪ್ಪ ಲಾ ಕಾಲೇಜಿಗೆ ಸೇರಿದ್ದು

ಭಾನುವಾರ, ಹದಿನೇಳನೇ ತಾರೀಕು
ಬೆಳಿಗ್ಗೆ ಹತ್ತು ಗಂಟೆ

ಪುಟ್ಟೀ,

ಅಪ್ಪನ ಆಶೀರ್ವಾದ. ನೀನು ಚೆನ್ನಾಗಿದ್ದೀಯ ಅಂತ ಗೊತ್ತು; ವಾರಕ್ಕೆರಡು ಸಲ ಅಮ್ಮನಿಗೆ ಫೋನ್ ಮಾಡುತ್ತೀಯಲ್ಲ, ಆಗೆಲ್ಲ ನಾನು ಪಕ್ಕದ ಕೋಣೆಯಲ್ಲೇ ಇರುತ್ತೇನೆ. ಹೊಸ ಊರಿನ ಲ್ಯಾಬಿನ ಕೆಲಸ ಹಿಡಿಸಿದೆಯಂತೆ, ಸಂತೋಷ. ನಾಲ್ಕು ತಿಂಗಳ ಹಿಂದೆಯೇ ಬರೆಯಬೇಕಿದ್ದ ಕಾಗದ ಇದು. ಮೂರು ಸಲ ಶುರು ಮಾಡಿ ಹರಿದುಹಾಕಿದೆ. ಬಿಡುವಿರಲಿಲ್ಲ ಅಂದರೆ ನೀನು ನಂಬುವುದಿಲ್ಲ. ಬಿಡುವಿತ್ತು, ಮಾತಿನ ತುದಿ ಸಿಗಲಿಲ್ಲ. ಕ್ಷಮಿಸು.

ಸುದ್ದಿ ಹೇಳಿಬಿಡುತ್ತೇನೆ. ನಾನು ಲಾ ಕಾಲೇಜಿಗೆ ಸೇರಿದ್ದೇನೆ. ನಾನೇ ತಿಳಿಸುತ್ತೇನೆ, ನೀನು ಬಾಯಿ ಬಿಡಬೇಡ ಅಂತ ಅಮ್ಮನಿಂದ ಮಾತು ತೆಗೆದುಕೊಂಡಿದ್ದೆ. ಇಷ್ಟು ದಿನ ಅವಳ ಹೊಟ್ಟೆಯಲ್ಲಿ ಒಂದು ಗುಟ್ಟು ನಿಂತದ್ದೇ ದೊಡ್ಡದು.

ಇಪ್ಪತ್ತೊಂಬತ್ತು ವರ್ಷ ಕಂಡವರ ಜಮೀನಿನ ಗಡಿ ಅಳೆದ ಸರ್ವೇಯರ್, ಐವತ್ತಾರಕ್ಕೆ ಕೆಲಸಕ್ಕೆ ರಾಜೀನಾಮೆ ಕೊಟ್ಟು ಮೊದಲ ವರ್ಷದ ಬೆಂಚಿನಲ್ಲಿ ಕೂತಿದ್ದಾನೆ. "ಜನಕ್ಕೆ ಅರವತ್ತಕ್ಕೆ ಅರಳುಮರಳು, ನಿಮಗೆ ನಾಲ್ಕು ವರ್ಷ ಮುಂಚೆ ಬಂತು" ಅಂದಳು ನಿನ್ನಮ್ಮ. ಆದರೂ ಮಾರನೇ ದಿನವೇ ನನ್ನ ಹಳೇ ಕೈಚೀಲದ ಹರಿದ ಜಿಪ್ಪು ಹೊಲಿಸಿಕೊಂಡು ಬಂದಿದ್ದಳು.

ಅರ್ಜಿ ಕೊಡಲು ಹೋದ ದಿನ ಕೌಂಟರಿನಾಕೆ ನನ್ನ ಹಿಂದೆ ಇಣುಕಿ ನೋಡಿದಳು.

"ಸ್ಟೂಡೆಂಟ್ ಬಂದಿಲ್ವಾ ಸರ್?"

"ಬಂದಿದ್ದಾನಮ್ಮ."

"ಎಲ್ಲಿ?"

"ನಿನ್ನ ಮುಂದೇನೇ ನಿಂತಿದ್ದಾನೆ."

ಪಾಪ, ಆಕೆ ನಾಲಿಗೆ ಕಚ್ಚಿಕೊಂಡು, ಫಾರಂ ತಲೆಕೆಳಗಾಗಿ ಕೊಟ್ಟಳು.

ಒಳಗೆ ಪ್ರಿನ್ಸಿಪಾಲರು ಕನ್ನಡಕ ತೆಗೆದು, "ಈಗ ಯಾಕೆ ಕಾನೂನು?" ಅಂತ ಕೇಳಿದರು. ಗಡಿ ವ್ಯಾಜ್ಯಗಳನ್ನು ಹತ್ತಿರದಿಂದ ನೋಡಿದ್ದೇನೆ, ಅದಕ್ಕೆ ಅಂದೆ. ನಿನ್ನ ಸೋದರಮಾವ ಕೇಳಿದಾಗ ಮನೆಯಲ್ಲಿ ಕೂತು ಕೊಳೆಯೋದು ಬೇಡ ಅಂತ ಅಂದೆ. ಅಮ್ಮನಿಗೆ, ಚಿಕ್ಕಂದಿನ ಆಸೆ ಕಣೇ ಅಂದೆ. "ನಿಮಗೆ ಚಿಕ್ಕಂದಿನಲ್ಲಿ ಕಂಡಕ್ಟರ್ ಆಗೋ ಆಸೆ ಇತ್ತು" ಅಂದಳು. ಅದೂ ನಿಜವೇ. ಯಾರು ಕೇಳಿದರೂ ಒಂದೊಂದು ಕಾರಣ ಬಾಯಿಗೆ ಬರುತ್ತದೆ, ಯಾವುದೂ ಸುಳ್ಳಲ್ಲ, ಯಾವುದೂ ಅದಲ್ಲ.

ಕ್ಲಾಸು ಬೆಳಿಗ್ಗೆ ಏಳಕ್ಕೆ. ಮೂರನೇ ಮಹಡಿ. ಬೆಂಚು ಇಕ್ಕಟ್ಟು, ಮೊಣಕಾಲು ಎಲ್ಲಿಡಬೇಕೋ ಇನ್ನೂ ಇತ್ಯರ್ಥವಾಗಿಲ್ಲ. ಪಕ್ಕದಲ್ಲಿ ಕೂರುವ ಹುಡುಗಿ ನನ್ನನ್ನು 'ಸರ್ವೇ ಅಂಕಲ್' ಅನ್ನುತ್ತಾಳೆ. ನಾನು ಪುಸ್ತಕದ ಸಾಲುಗಳಿಗೆಲ್ಲ ಸ್ಕೇಲಿಟ್ಟು ಗೆರೆ ಹಾಕುವುದು ನೋಡಿ, "ಎಲ್ಲಾನೂ ಮುಖ್ಯ ಅಂದ್ರೆ ಯಾವುದೂ ಮುಖ್ಯ ಅಲ್ಲ ಅಂಕಲ್" ಅಂದಳು. ನಕ್ಕೆ, ಆದರೆ ಗೆರೆ ಹಾಕುವುದು ಬಿಟ್ಟಿಲ್ಲ. ಕರಾರಿನ ಪಾಠ ಹೇಗೋ ತಲೆಗೆ ಹೋಗುತ್ತದೆ. ಮಿಕ್ಕದ್ದು ಕಬ್ಬಿಣದ ಕಡಲೆ. ರಾಜೀನಾಮೆ ಕೊಡಲು ಅವಸರ ಮಾಡಿದೆನಾ ಅಂತ ಕೆಲವು ದಿನ ಅನಿಸುತ್ತದೆ. ಇನ್ನು ಕೆಲವು ದಿನ, ಯಾಕೆ ಇಷ್ಟು ತಡ ಮಾಡಿದೆ ಅಂತ.

ಬುಧವಾರ ಕ್ಲಾಸಿಗೆ ಹೋಗಲಿಲ್ಲ. ಚೀಲ ಹಿಡಿದು ಹೊರಟವನು ಕಾಲೇಜಿನ ಸ್ಟಾಪಿನಲ್ಲಿ ಇಳಿಯದೆ ಬಸ್ಸಿನ ಕೊನೇ ಸ್ಟಾಪಿನವರೆಗೆ ಹೋಗಿ, ಅದೇ ಬಸ್ಸಿನಲ್ಲಿ ವಾಪಸು ಬಂದೆ. ರಜೆ ಅಂತ ಅಮ್ಮನಿಗೆ ಹೇಳಿದೆ. ಗುರುವಾರ ಮತ್ತೆ ಹೋದೆ. ಬಿಡಲೋ, ಮುಂದುವರಿಸಲೋ, ಒಂದೂ ತಿಳಿಯುತ್ತಿಲ್ಲ. ನೀನೇನಂತೀಯ?

ಚಿಕ್ಕಿಗೆ ಮುಂದಿನ ಎರಡು ಹಲ್ಲು ಬಿದ್ದಿವೆಯಂತೆ. ಮೊಮ್ಮಗಳನ್ನು ನೋಡಿ ಎಂಟು ತಿಂಗಳಾಯಿತು. ಕೋರ್ಟು ಅವಳನ್ನು ಅವಳ ಅಪ್ಪನ ಕೈಗೆ ಕೊಟ್ಟ ಮೇಲೆ ಹೆತ್ತ ನಿನಗೇ ತಿಂಗಳಿಗೆ ಎರಡು ಶನಿವಾರ. ಅದರಲ್ಲಿ ನಾವು ಪಾಲು ಕೇಳುವುದು ಹೇಗೆ? ಈ ಸಲ ಹೋದಾಗ ತಾತ ಕೇಳಿದ ಅಂತ ಹೇಳು. ಬೇಡ ಅನಿಸಿದರೆ ಬಿಡು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಮನಸ್ಸು ತಣ್ಣಗಿರಲಿ, ನೀನು ಹಿಡಿದದ್ದು ಕೈಗೂಡಲಿ.

ನಿನ್ನ
ಅಪ್ಪ

ಮರೆತದ್ದಕ್ಕೆ ಕೆಳಗೆ ಬರೆಯುತ್ತಿಲ್ಲ, ಮೇಲೆ ಬರೆಯುವ ಧೈರ್ಯ ಬರಲಿಲ್ಲ. ಮಂಗಳವಾರ ಮೇಡಂ ಪಾಟಿ ಸವಾಲಿನ ಪಾಠ ಮಾಡಿದರು. "ಎದುರು ವಕೀಲರು ಹೌದು, ಇಲ್ಲ, ಎರಡರಲ್ಲಿ ಒಂದು ಹೇಳಿ ಅಂತ ಜೋರು ಮಾಡ್ತಾರೆ. ಒಂದೇ ಪದದಲ್ಲಿ ಹೇಳಿದ್ರೆ ತಪ್ಪು ಅರ್ಥ ಬರೋ ಹಾಗಿದ್ರೆ, ಸ್ವಲ್ಪ ವಿವರಿಸಬೇಕು ಅಂತ ಸಾಕ್ಷಿ ನ್ಯಾಯಾಧೀಶರನ್ನ ಕೇಳಬಹುದು." ಎಲ್ಲರೂ ಬರೆದುಕೊಂಡರು. ನನ್ನ ಕೈ ಓಡಲಿಲ್ಲ.

"ನಿಮ್ಮ ಮಗಳು ಮೂರು ವರ್ಷದ ಮಗೂನ ಮನೇಲಿ ಒಂಟಿಯಾಗಿ ಬಿಟ್ಟು ಹೋಗಿದ್ರಾ? ಹೌದಾ, ಇಲ್ವಾ?" ಅಂತ ಅವತ್ತು ಚಿಕ್ಕಿಯ ಕೇಸಿನಲ್ಲಿ ಕಟಕಟೆ ಹತ್ತಿದ ನನ್ನನ್ನು ಕೇಳಿದ್ದರು ನಿನ್ನ ಗಂಡನ ವಕೀಲರು. "ಹೌದು" ಅಂದೆ. ಮಗುವಿನ ಮೈ ಕೆಂಡವಾಗಿತ್ತು, ನೀನು ಎದುರಿನ ಔಷಧಿ ಅಂಗಡಿಗೆ ಓಡಿದ್ದೆ, ಐದೇ ನಿಮಿಷ. ನಾನು ಬಂದಾಗ ನೀನು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತುತ್ತಿದ್ದೆ. ನನಗೆ ಗೊತ್ತಿತ್ತು, ನಾಲಿಗೆಯ ತುದಿಯಲ್ಲೇ ಇತ್ತು. ಆಮೇಲೆ ನಮ್ಮ ವಕೀಲರೂ ಅದನ್ನು ಕೇಳಲಿಲ್ಲ ಅಂತ ಅವರನ್ನು ಎರಡು ವರ್ಷ ಬೈದೆ. ಹೆದರಿಬಿಟ್ಟೆ ಅಂತ ಮನೆಯಲ್ಲಿ ಹೇಳಿದೆ, ನೀನೂ ಹಾಗೇ ತಿಳಿದಿರಬೇಕು. ಪುಟ್ಟೀ, ನಾನು ಹೆದರಿರಲಿಲ್ಲ. ಗಡಿ ಕೇಸುಗಳಿಗೆ ನೂರು ಸಲ ಕಟಕಟೆ ಹತ್ತಿದವನು ನಾನು. ಕೇಳಿದ್ದಕ್ಕಷ್ಟೇ ಉತ್ತರ, ಒಂದಿಂಚು ಹೆಚ್ಚಿಲ್ಲ, ಕಡಿಮೆಯಿಲ್ಲ ಅಂತ ಹೆಸರು ಮಾಡಿದವನು. ಅವತ್ತೂ ಹಾಗೇ ಹೇಳಿದೆ. ನ್ಯಾಯಾಧೀಶರು ತಲೆದೂಗಿ ಬರೆದುಕೊಂಡಾಗ ಒಂದು ಕ್ಷಣ ನನಗೆ ಹೆಮ್ಮೆಯಾಯಿತು. ಕೆಳಗಿಳಿದು ನಿನ್ನ ಮುಖ ನೋಡಿದೆ, ಆಮೇಲೆ ಇವತ್ತಿನವರೆಗೂ ಸರಿಯಾಗಿ ನೋಡಲು ಆಗಿಲ್ಲ.

ನಾನು ಕಾನೂನು ಓದಲು ಹೊರಟದ್ದು ಇದಕ್ಕೇನಾ, ಆಣೆಯಿಟ್ಟು ಹೇಳಲಾರೆ. ಇದನ್ನು ನಿನಗೆ ಹೇಳಲು ಮೂರು ವರ್ಷದ ಓದು ಬೇಕಿರಲಿಲ್ಲ ಅನ್ನುವುದಷ್ಟೇ ಗೊತ್ತು.